ತರಗತಿಯ ಕ್ವಿಜ್: ಖರ್ಚು ಆ್ಯಪ್‌ಗಲ್ಲ, ಪ್ರಶ್ನೆ ಬರೆಯುವುದಕ್ಕಾಗಲಿ

ಮಾನ್ಯ ಸಂಪಾದಕರೇ,

ಸರ್ಕಾರಿ ಪ್ರೌಢಶಾಲೆಗಳಿಗೆ ಪ್ರೊಜೆಕ್ಟರ್, ಸ್ಮಾರ್ಟ್ ಬೋರ್ಡ್ ಬರತೊಡಗಿದ ಮೇಲೆ ಶಿಕ್ಷಕರ ತರಬೇತಿಗಳಲ್ಲಿ ತಪ್ಪದೆ ಕೇಳಿಬರುವ ಮಾತೊಂದಿದೆ: ‘ಪಾಠದ ನಡುವೆ ಕ್ವಿಜ್ ಇಡಿ, ಮಕ್ಕಳು ಚುರುಕಾಗುತ್ತಾರೆ.’ ಮಾತು ಸರಿಯೇ. ಆದರೆ ತರಬೇತಿ ಮುಗಿಯುವ ಹೊತ್ತಿಗೆ ಶಿಕ್ಷಕರ ಕೈಗೆ ಸಿಕ್ಕಿರುವುದು ನಾಲ್ಕೈದು ಆ್ಯಪ್‌ಗಳ ಹೆಸರು, ಒಂದೆರಡು ಪಾಸ್‌ವರ್ಡ್. ಎಂಥ ಪ್ರಶ್ನೆ ಕೇಳಬೇಕು, ಉತ್ತರ ಬಂದ ಮೇಲೆ ಏನು ಮಾಡಬೇಕು ಎನ್ನುವುದನ್ನು ಹೇಳಿಕೊಡುವವರು ಕಡಿಮೆ. ಹಾಗಾಗಿ ಕ್ವಿಜ್ ಎಂದರೆ ಶನಿವಾರದ ಕೊನೆಯ ಪೀರಿಯಡ್‌ನ ಮೋಜು, ಗೆದ್ದವರಿಗೊಂದು ಪೆನ್ನು ಎಂಬಲ್ಲಿಗೆ ಬಂದು ನಿಂತಿದೆ. ಇದನ್ನು ಸರಿಪಡಿಸಲು ಹೆಚ್ಚು ಹಣ ಬೇಕಿಲ್ಲ. ಹೇಗೆಂದು ಈ ಪತ್ರ.

‘ಅರ್ಥ ಆಯ್ತಾ?’ ಎಂದರೆ ‘ಆಯ್ತು ಮಿಸ್’ ಎಂದು ಇಡೀ ತರಗತಿ ರಾಗ ಎಳೆಯುತ್ತದೆ. ಯಾರಿಗೆ ಆಯಿತು, ಯಾರಿಗೆ ಆಗಲಿಲ್ಲ ಎಂದು ಆ ರಾಗದಿಂದ ತಿಳಿಯುವುದಿಲ್ಲ. ಕೈ ಎತ್ತಿಸಿದರೆ ದಿನವೂ ಎತ್ತುವ ಅದೇ ಐದಾರು ಕೈಗಳು. ಪ್ರಶ್ನೆ ಕೇಳಿದ ಮೇಲೆ ನಾವು ಕಾಯುವುದೂ ಕಡಿಮೆ. ಅಮೆರಿಕದ ಶಿಕ್ಷಣ ಸಂಶೋಧಕಿ ಮೇರಿ ಬಡ್ ರೋ 1970ರ ದಶಕದಲ್ಲಿ ತರಗತಿಗಳ ಧ್ವನಿಮುದ್ರಣಗಳನ್ನು ಅಳೆದು ನೋಡಿದಾಗ ಶಿಕ್ಷಕರು ಸರಾಸರಿ ಒಂದು ಸೆಕೆಂಡಿನಷ್ಟು ಮಾತ್ರ ಕಾಯುತ್ತಿದ್ದರು. ಅದನ್ನು 3 ಸೆಕೆಂಡಿಗೆ ಹಿಗ್ಗಿಸಿದರೆ ಸಾಕು, ಉತ್ತರಗಳು ಉದ್ದವಾದವು, ಸುಮ್ಮನಿರುತ್ತಿದ್ದವರೂ ಬಾಯಿಬಿಟ್ಟರು. ಪರದೆಯ ಮೇಲಿನ ಕ್ವಿಜ್‌ನಿಂದ ಆಗುವ ದೊಡ್ಡ ಉಪಕಾರ ಇದೇ: ಪ್ರತಿಯೊಬ್ಬರೂ ಯೋಚಿಸಿ, ಪ್ರತಿಯೊಬ್ಬರೂ ಉತ್ತರ ಕೊಡಬೇಕಾಗುತ್ತದೆ. ಅದನ್ನು ನೋಡಿ ಶಿಕ್ಷಕರು ಮುಂದಿನ ಹತ್ತು ನಿಮಿಷ ಏನು ಮಾಡಬೇಕೆಂದು ತೀರ್ಮಾನಿಸಬಹುದು. ಆ ತೀರ್ಮಾನ ಬದಲಾಗದಿದ್ದರೆ ಕ್ವಿಜ್ ಮಾಡಿಯೂ ಮಾಡದಂತೆ.

ಈ ಕ್ರಮಕ್ಕೆ ಒಂದು ಹದ ಕೊಟ್ಟವರು ಹಾರ್ವರ್ಡ್‌ನ ಭೌತವಿಜ್ಞಾನ ಪ್ರಾಧ್ಯಾಪಕ ಎರಿಕ್ ಮಜೂರ್. 1991ರಿಂದ ಅವರು ನಡೆಸಿಕೊಂಡು ಬಂದ ಪದ್ಧತಿ ಹೀಗಿದೆ. ಹತ್ತು ಹದಿನೈದು ನಿಮಿಷ ಪಾಠ, ಆಮೇಲೆ ಒಂದು ಬಹುಆಯ್ಕೆ ಪ್ರಶ್ನೆ. ಮೊದಲು ಒಂದೆರಡು ನಿಮಿಷ ಮಾತಿಲ್ಲದೆ ಒಬ್ಬೊಬ್ಬರೇ ಯೋಚಿಸಿ ಉತ್ತರ ಕೊಡಬೇಕು. ಸರಿ ಹೇಳಿದವರು 30 ಶೇಕಡಕ್ಕಿಂತ ಕಡಿಮೆಯಿದ್ದರೆ ಪಾಠವನ್ನೇ ಬೇರೆ ದಾರಿಯಿಂದ ಮತ್ತೆ ಹೇಳಬೇಕು. 70 ದಾಟಿದರೆ ಎರಡು ಮಾತಿನ ವಿವರಣೆ ಕೊಟ್ಟು ಮುಂದೆ ಸಾಗಬಹುದು. ನಡುವೆ ಇದ್ದರೆ, ಬೇರೆ ಉತ್ತರ ಕೊಟ್ಟ ಪಕ್ಕದವರೊಂದಿಗೆ ಎರಡು ಮೂರು ನಿಮಿಷ ಚರ್ಚೆ, ಆಮೇಲೆ ಅದೇ ಪ್ರಶ್ನೆಗೆ ಎರಡನೇ ಸಲ ಉತ್ತರ. 40 ಮಕ್ಕಳ ತರಗತಿಗೆ ಲೆಕ್ಕ ಹಾಕಿದರೆ ಈ ಗೆರೆಗಳು 12 ಮತ್ತು 28. ನಾಲ್ಕು ಆಯ್ಕೆಯ ಪ್ರಶ್ನೆಗೆ ಕಣ್ಣುಮುಚ್ಚಿ ಉತ್ತರಿಸಿದರೂ 40ರಲ್ಲಿ ಸುಮಾರು 10 ಮಂದಿಯದು ಸರಿಯಾಗುತ್ತದೆ ಎಂಬುದನ್ನು ಮರೆಯಬಾರದು. ಹನ್ನೊಂದು ಹನ್ನೆರಡು ಸರಿ ಉತ್ತರ ಬಂದರೆ ತರಗತಿಗೆ ಏನೂ ತಿಳಿದಿಲ್ಲ ಎಂದೇ ಅರ್ಥ.

ಮಕ್ಕಳು ಮೊದಲ ಸಲ ಉತ್ತರಿಸಿದ (ಅಂದರೆ ಮತ ಹಾಕಿದ) ನಂತರ ಯಾವ ಆಯ್ಕೆಗೆ ಎಷ್ಟು ಮತ ಎಂಬ ಗ್ರಾಫ್ ತೋರಿಸಬೇಡಿ. ‘ಸಿ’ ಕಂಬ ಎತ್ತರವಿದೆ ಎಂದು ಕಂಡ ಕೂಡಲೇ ಚರ್ಚೆ ಸತ್ತುಹೋಗುತ್ತದೆ, ಎಲ್ಲರೂ ‘ಸಿ’ ಪಕ್ಷ ಸೇರುತ್ತಾರೆ. ಸ್ಲೈಡ್ ಓಡುತ್ತಿರುವಾಗ ಕೀಬೋರ್ಡಿನ ಬಿ ಒತ್ತಿದರೆ ಪರದೆ ಕಪ್ಪಾಗುತ್ತದೆ, ಮತ್ತೆ ಒತ್ತಿದರೆ ಬರುತ್ತದೆ. ಚರ್ಚೆಯ ಹೊತ್ತಿನಲ್ಲಿ ಮಕ್ಕಳ ಕಣ್ಣನ್ನು ಪರದೆಯಿಂದ ಬಿಡಿಸಲು ಇದಕ್ಕಿಂತ ಸುಲಭದ ಉಪಾಯವಿಲ್ಲ. ಶಿಕ್ಷಕರು ಬೆಂಚುಗಳ ನಡುವೆ ಓಡಾಡುತ್ತಾ ಕಿವಿಗೊಡಬೇಕು, ಮುಖದಲ್ಲಿ ಉತ್ತರ ತೋರಿಸಬಾರದು (ಇದು ಹೇಳಿದಷ್ಟು ಸುಲಭವಲ್ಲ). ಎರಡನೇ ಮತ ಮುಗಿದ ಮೇಲೆ ‘ಬಿ ಅಂದವರು ಯಾರು?’ ಎಂದು ಕೇಳುವ ಬದಲು ‘ಬಿ ಅಂದವರು ಯಾಕೆ ಹಾಗೆ ಯೋಚಿಸಿರಬಹುದು?’ ಎಂದು ಕೇಳಿದರೆ ಯಾರಿಗೂ ಅವಮಾನವಿಲ್ಲ, ಕಾರಣ ಮಾತ್ರ ಹೊರಗೆ ಬರುತ್ತದೆ.

ಇಷ್ಟಕ್ಕೂ ಯಂತ್ರ ಬೇಕೇ? ಕೆನಡಾದ ಕಾಲೇಜೊಂದರಲ್ಲಿ ನಥಾನಿಯಲ್ ಲಾಸ್ರಿ ಇದೇ ಪದ್ಧತಿಯನ್ನು ಒಂದು ಗುಂಪಿಗೆ ಕ್ಲಿಕ್ಕರ್ ಎಂಬ ವಿದ್ಯುನ್ಮಾನ ಸಾಧನ ಕೊಟ್ಟು, ಇನ್ನೊಂದಕ್ಕೆ ಕಾಗದದ ಕಾರ್ಡ್ ಕೊಟ್ಟು ಹೋಲಿಸಿದರು. 2008ರಲ್ಲಿ ಪ್ರಕಟವಾದ ಫಲಿತಾಂಶ: ಕಲಿಕೆಯಲ್ಲಿ ಗಮನಾರ್ಹ ವ್ಯತ್ಯಾಸವಿಲ್ಲ. ಕಲಿಸಿದ್ದು ಪ್ರಶ್ನೆ ಮತ್ತು ಚರ್ಚೆ. ಸಾಧನದಿಂದ ಲೆಕ್ಕ ಇಡುವುದು ಸುಲಭವಾಗುತ್ತದೆ, ಅಷ್ಟೇ.

ನಮ್ಮ ತರಬೇತಿಗಳಲ್ಲಿ ಹೆಚ್ಚಾಗಿ ತೋರಿಸುವುದು ಕಹೂಟ್, ಮೆಂಟಿಮೀಟರ್, ಕ್ವಿಜಿಜ್ ಎಂಬ ಕ್ವಿಜ್ ಆ್ಯಪ್‌ಗಳನ್ನು. ಕೊನೆಯದು 2015ರಲ್ಲಿ ನಮ್ಮ ಬೆಂಗಳೂರಿನಲ್ಲೇ ಹುಟ್ಟಿದ್ದು, ಈಗ ವೇಗ್ರೌಂಡ್ ಎಂದು ಹೆಸರು ಬದಲಿಸಿಕೊಂಡಿದೆ. ಇವು ಕೆಟ್ಟವಲ್ಲ. ಕಾಲೇಜಿನಲ್ಲಿ, ಶಿಕ್ಷಕರ ಕಾರ್ಯಾಗಾರದಲ್ಲಿ ಚೆನ್ನಾಗಿಯೇ ನಡೆಯುತ್ತವೆ. ಆದರೆ ಇವುಗಳ ಸಾಮಾನ್ಯ ಬಳಕೆಗೆ ಪ್ರತಿ ಮಗುವಿನ ಕೈಯಲ್ಲೂ ಫೋನ್ ಅಥವಾ ಕಂಪ್ಯೂಟರ್ ಬೇಕು. ಎಂಟನೇ ತರಗತಿಯ ಮಗು ಶಾಲೆಗೆ ಫೋನ್ ತರುವುದು ಬೇಡವೆಂದೇ ನಾವೆಲ್ಲ ಹೇಳುತ್ತಿರುವಾಗ ಕ್ವಿಜ್ ನೆಪದಲ್ಲಿ ಅದಕ್ಕೆ ಬಾಗಿಲು ತೆರೆಯುವುದು ಸರಿಯಲ್ಲ. ಮೂವರಿಗೆ ಒಂದು ಫೋನ್ ಎಂದರೆ ಫೋನ್ ಹಿಡಿದವನದೇ ಉತ್ತರ. ಶಿಕ್ಷಕರ ಹಾಟ್‌ಸ್ಪಾಟ್‌ಗೆ ಹತ್ತು ಹನ್ನೆರಡು ಫೋನ್ ಸೇರುವಷ್ಟರಲ್ಲಿ ಉಸಿರುಕಟ್ಟುತ್ತದೆ.

ಕಹೂಟ್‌ನ ಅಂಕದ ಲೆಕ್ಕವನ್ನೂ ತಿಳಿದಿರಬೇಕು. ಸರಿ ಉತ್ತರಕ್ಕೆ ಹೆಚ್ಚೆಂದರೆ 1000 ಅಂಕ, ತಡವಾದಂತೆಲ್ಲ ಅದು 500ರತ್ತ ಇಳಿಯುತ್ತದೆ. 20 ಸೆಕೆಂಡಿನ ಪ್ರಶ್ನೆಗೆ 2 ಸೆಕೆಂಡಿನಲ್ಲಿ ಉತ್ತರಿಸಿದವನಿಗೆ 950, ಓದಿ ಯೋಚಿಸಿ 10ನೇ ಸೆಕೆಂಡಿಗೆ ಒತ್ತಿದವಳಿಗೆ 750. ಅಂದರೆ ನಿಧಾನವಾಗಿ ಓದುವ ಮಗುವಿಗೆ ಸರಿ ಉತ್ತರ ಗೊತ್ತಿದ್ದೂ ದಂಡ. ಆ ಮಗು ಎರಡನೇ ವಾರದ ಹೊತ್ತಿಗೆ ಓದುವುದನ್ನೇ ಬಿಟ್ಟು ಬಣ್ಣ ನೋಡಿ ಒತ್ತತೊಡಗುತ್ತದೆ. ಬಳಸಲೇಬೇಕಿದ್ದರೆ ಸಮಯವನ್ನು 60 ಅಥವಾ 90 ಸೆಕೆಂಡಿಗೆ ಏರಿಸಿ, ಅಂಕವನ್ನು ‘ನೋ ಪಾಯಿಂಟ್ಸ್’ಗೆ ಇಡಿ. ಕನ್ನಡಕ್ಕೆ ಇನ್ನೊಂದು ತೊಡಕಿದೆ. ಅಲ್ಲಿ ಒಂದು ಪ್ರಶ್ನೆಗೆ 120 ಕ್ಯಾರೆಕ್ಟರ್‌ಗಳ ಮಿತಿ. ‘ವಿದ್ಯುತ್’ ನಮ್ಮ ಕಣ್ಣಿಗೆ ಮೂರು ಅಕ್ಷರ, ಕಂಪ್ಯೂಟರ್ ಲೆಕ್ಕದಲ್ಲಿ ಗುಣಿತ, ವಿರಾಮ ಎಲ್ಲ ಬಿಡಿಬಿಡಿಯಾಗಿ ಎಂಟು. ಹಾಗಾಗಿ ಇಂಗ್ಲಿಷಿನಲ್ಲಿ ಹಿಡಿಸುವ ಪ್ರಶ್ನೆ ಕನ್ನಡದಲ್ಲಿ ಅರ್ಧಕ್ಕೇ ನಿಲ್ಲುತ್ತದೆ. ಪ್ರಶ್ನೆಯನ್ನು ಚಿತ್ರವಾಗಿ ಸೇರಿಸುವುದೇ ಇದಕ್ಕೆ ಪರಿಹಾರ.

ಮಕ್ಕಳ ಕೈಯಲ್ಲಿ ಫೋನಿಲ್ಲದ ತರಗತಿಗೆ ಒಪ್ಪುವುದು ಪ್ಲಿಕರ್ಸ್ ಎಂಬ ಆ್ಯಪ್. ಇದರಲ್ಲಿ ಫೋನ್ ಒಂದೇ, ಅದು ಶಿಕ್ಷಕರದು. ಪ್ರತಿ ಮಗುವಿಗೂ ಕಪ್ಪು ಚೌಕಗಳ ಚಿತ್ತಾರವಿರುವ ಒಂದು ಕಾಗದದ ಕಾರ್ಡ್. ಕಾರ್ಡಿನ ನಾಲ್ಕು ಅಂಚುಗಳಲ್ಲಿ ಎ, ಬಿ, ಸಿ, ಡಿ ಎಂದು ಸಣ್ಣದಾಗಿ ಬರೆದಿರುತ್ತದೆ. ತನ್ನ ಉತ್ತರದ ಅಕ್ಷರ ಮೇಲೆ ಬರುವಂತೆ ಮಗು ಕಾರ್ಡ್ ತಿರುಗಿಸಿ ಹಿಡಿಯುತ್ತದೆ. ಶಿಕ್ಷಕರು ಫೋನಿನ ಕ್ಯಾಮೆರಾವನ್ನು ತರಗತಿಯ ಈ ತುದಿಯಿಂದ ಆ ತುದಿಗೆ ನಿಧಾನವಾಗಿ ತಿರುಗಿಸಿದರೆ ಯಾರ ಉತ್ತರ ಯಾವುದೆಂದು ದಾಖಲಾಗುತ್ತದೆ. ಒಂದೊಂದು ಕಾರ್ಡಿನ ಚಿತ್ತಾರವೂ ಬೇರೆಯಾದ್ದರಿಂದ, ಅಕ್ಷರಗಳೂ ಸಣ್ಣವಾದ್ದರಿಂದ ಪಕ್ಕದವರದನ್ನು ನೋಡಿ ಬರೆಯುವ ದಾರಿ ಬಹುಮಟ್ಟಿಗೆ ಮುಚ್ಚುತ್ತದೆ. ಕ್ವಿಜಿಜ್‌ನಲ್ಲೂ ಇಂಥದೇ ಕಾಗದದ ಕಾರ್ಡಿನ ವ್ಯವಸ್ಥೆ ಬಂದಿದೆ.

ಸಾಮಾನ್ಯ ಕಟ್ಟಿನಲ್ಲಿ 40 ಕಾರ್ಡ್, ಒಂದು ಎ4 ಹಾಳೆಗೆ ಎರಡರಂತೆ 20 ಹಾಳೆ. ದೊಡ್ಡ ತರಗತಿಗೆ 63 ಕಾರ್ಡಿನ ಕಟ್ಟೂ ಇದೆ. ಅದನ್ನೂ ಮೀರಿದರೆ ಇಬ್ಬರಿಗೊಂದು ಕಾರ್ಡ್ ಕೊಟ್ಟು ಜೋಡಿ ಉತ್ತರ ಕೇಳಬಹುದು. ಕಾರ್ಡಿನ ಸಂಖ್ಯೆ, ಹಾಜರಿ ಪುಸ್ತಕದ ಕ್ರಮಸಂಖ್ಯೆ ಎರಡೂ ಒಂದೇ ಇರಲಿ. ಆ್ಯಪ್‌ನಲ್ಲಿ ಮಗುವಿನ ಹೆಸರಿನ ಬದಲು ಆ ಸಂಖ್ಯೆಯನ್ನೇ ತುಂಬಿ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ 18 ತುಂಬದವರನ್ನು ಮಕ್ಕಳೆಂದೇ ನೋಡುತ್ತದೆ, ಅವರ ದತ್ತಾಂಶಕ್ಕೆ ಪೋಷಕರ ಒಪ್ಪಿಗೆಯ ಮಾತಾಡುತ್ತದೆ. ಹೆಸರೇ ಹೊರಗೆ ಹೋಗದಿದ್ದರೆ ಆ ತಲೆನೋವು ಬಹಳ ಕಡಿಮೆ. ಪರದೆಯ ಮೇಲೆ ಯಾರ ಉತ್ತರ ತಪ್ಪು ಎಂದು ಎಲ್ಲರಿಗೂ ಕಾಣುವ ಅಪಾಯವೂ ತಪ್ಪುತ್ತದೆ.

ಕೆಡುವುದು ಎಲ್ಲಿ ಎಂದರೆ, ಕಾರ್ಡ್ ಬಾಳಿಕೆ ಬರಲೆಂದು ಹೊಳಪಿನ ಲ್ಯಾಮಿನೇಷನ್ ಮಾಡಿಸುವುದರಲ್ಲಿ. ಟ್ಯೂಬ್‌ಲೈಟಿನ ಬೆಳಕು ಅದರ ಮೇಲೆ ಹೊಳೆದು ಕ್ಯಾಮೆರಾಕ್ಕೆ ಚಿತ್ತಾರ ಕಾಣುವುದೇ ಇಲ್ಲ. ಹಳೆಯ ನೋಟ್‌ಬುಕ್ಕಿನ ರಟ್ಟಿಗೆ ಅಂಟಿಸಿದರೆ ಸಾಕು, ಬಾಗುವುದೂ ಇಲ್ಲ. ಮಕ್ಕಳ ಹೆಬ್ಬೆರಳು ಕಪ್ಪು ಭಾಗದ ಮೇಲೆ ಬಂದರೂ ಓದುವುದಿಲ್ಲ, ಅಂಚಿನ ಬಿಳಿಯನ್ನಷ್ಟೇ ಹಿಡಿಯುವ ಅಭ್ಯಾಸ ಮೊದಲ ದಿನವೇ ಆಗಬೇಕು. ಮಕ್ಕಳ ಬೆನ್ನ ಹಿಂದೆ ಕಿಟಕಿ ಇದ್ದರೆ ಕಾರ್ಡು ನೆರಳಾಗುತ್ತದೆ, ಆಗ ಶಿಕ್ಷಕರು ಕಿಟಕಿಗೆ ಬೆನ್ನು ಹಾಕಿ ನಿಲ್ಲುವಂಥ ಜಾಗ ಹುಡುಕಬೇಕು. ಹಿಂದಿನ ಬೆಂಚು ಓದದಿದ್ದರೆ ಝೂಮ್ ಮಾಡುವುದಕ್ಕಿಂತ ನಾಲ್ಕು ಹೆಜ್ಜೆ ಮುಂದೆ ಹೋಗುವುದೇ ಬೇಗ.

ನೆಟ್‌ವರ್ಕ್ ಇಲ್ಲವೇ? ಪ್ರತಿ ಮಗುವೂ ಒಂದು ಹಾಳೆಯನ್ನು ನಾಲ್ಕಾಗಿ ಮಡಿಸಿ, ಒಂದೊಂದು ಭಾಗದಲ್ಲಿ ಒಂದೊಂದು ಅಕ್ಷರವನ್ನು ದಪ್ಪಗೆ ಬರೆದುಕೊಳ್ಳಲಿ. ಉತ್ತರ ಮೇಲೆ ಬರುವಂತೆ ಮಡಿಸಿ ಎದೆಗೆ ಒತ್ತಿ ಹಿಡಿದು, ‘ಒಂದು, ಎರಡು, ಮೂರು’ ಎಂದಾಗ ಎಲ್ಲರೂ ಒಟ್ಟಿಗೆ ಎದೆಯ ಮಟ್ಟದಲ್ಲೇ ತಿರುಗಿಸಲಿ. ತಲೆಯ ಮೇಲೆ ಎತ್ತಿದರೆ ಹಿಂದಿನವರಿಗೆ ಕಾಣುತ್ತದೆ. ನಿಖರ ಎಣಿಕೆ ಬೇಕಿಲ್ಲ. ಅರ್ಧಕ್ಕಿಂತ ಹೆಚ್ಚೋ ಕಡಿಮೆಯೋ ಎಂಬುದು ಒಂದು ನೋಟಕ್ಕೆ ತಿಳಿಯುತ್ತದೆ.

ಸ್ಲೈಡ್ ತಯಾರಿಕೆಯ ವಿಷಯದಲ್ಲಿ ಕನ್ನಡದ ಶಿಕ್ಷಕರು ಪದೇಪದೇ ಎಡವುವುದು ಫಾಂಟಿನಲ್ಲಿ. ನುಡಿ, ಬರಹದ ಹಳೆಯ ಆಸ್ಕಿ ಫಾಂಟಿನಲ್ಲಿ ಟೈಪ್ ಮಾಡಿದ ಪಿಪಿಟಿ, ಆ ಫಾಂಟ್ ಇಲ್ಲದ ಶಾಲಾ ಲ್ಯಾಪ್‌ಟಾಪಿನಲ್ಲಿ ಇಂಗ್ಲಿಷ್ ಅಕ್ಷರಗಳ ಗೋಜಲಾಗಿ ತೆರೆದುಕೊಳ್ಳುತ್ತದೆ. ಆ್ಯಪ್‌ಗಳಲ್ಲಂತೂ ಅದು ಯಾವತ್ತೂ ಕನ್ನಡವಾಗುವುದಿಲ್ಲ. ಯಾವ ಕಂಪ್ಯೂಟರಿನಲ್ಲೂ ಕನ್ನಡವಾಗಿಯೇ ಉಳಿಯುವ ಯೂನಿಕೋಡ್ ಸಂಕೇತಕ್ಕೆ ಪರಿವರ್ತಿಸಿಕೊಂಡೇ ಮುಂದುವರಿಯಬೇಕು. ವಿಂಡೋಸ್ 8ರಿಂದ ಈಚಿನ ಕಂಪ್ಯೂಟರುಗಳಲ್ಲಿ ನಿರ್ಮಲಾ ಯುಐ ಎಂಬ ಯೂನಿಕೋಡ್ ಫಾಂಟ್ ಇದ್ದೇ ಇರುತ್ತದೆ. ತುಂಗಾ ಫಾಂಟ್ ವಿಂಡೋಸ್ 10ರಿಂದ ಐಚ್ಛಿಕವಾಗಿದೆ, ನಂಬಿ ಕೂರಬೇಡಿ. ಸಾಲುಗಳ ಅಂತರವನ್ನು ‘ಎಗ್ಸಾಕ್ಟ್ಲಿ’ ಎಂದು ಇಟ್ಟರೆ ‘ಷ್ಟ್ರ’, ‘ಕ್ತ’ಗಳ ಒತ್ತು ಕೆಳಗಿನ ಸಾಲಿಗೆ ತಗಲುತ್ತದೆ. ‘ಮಲ್ಟಿಪಲ್’ ಆರಿಸಿ 1.2 ಕೊಡಿ. ಅಕ್ಷರದ ಗಾತ್ರ 32ಕ್ಕಿಂತ ಇಳಿಯದಿರಲಿ. ಹಿನ್ನೆಲೆ ಬಿಳಿ, ಅಕ್ಷರ ಕಪ್ಪು. ಪರದೆಗೆ ಬಿಸಿಲು ಬೀಳುವ ಕೋಣೆಯಲ್ಲಿ ನೀಲಿಯ ಮೇಲಿನ ಹಳದಿ ಕಾಣುವುದು ಮುಂದಿನ ಎರಡು ಬೆಂಚಿಗೆ ಮಾತ್ರ.

ಪವರ್‌ಪಾಯಿಂಟಿನಲ್ಲೇ ಉತ್ತರ ಒತ್ತಿ ನೋಡುವಂತೆ ಮಾಡಬಹುದು. ನಾಲ್ಕು ಆಯ್ಕೆಗಳನ್ನು ನಾಲ್ಕು ಆಯತಗಳಲ್ಲಿ ಬರೆಯಿರಿ. ಆಯತವನ್ನು ಆರಿಸಿ, ಇನ್ಸರ್ಟ್‌ನಲ್ಲಿ ಲಿಂಕ್, ಅಲ್ಲಿ ‘ಪ್ಲೇಸ್ ಇನ್ ದಿಸ್ ಡಾಕ್ಯುಮೆಂಟ್’, ಆಮೇಲೆ ಹೋಗಬೇಕಾದ ಸ್ಲೈಡ್. ಲಿಂಕನ್ನು ಒಳಗಿನ ಅಕ್ಷರಗಳಿಗೆ ಕೊಡಬೇಡಿ, ಆಯತಕ್ಕೇ ಕೊಡಿ. ಅಕ್ಷರಕ್ಕೆ ಕೊಟ್ಟರೆ ಬಣ್ಣ ಬದಲಾಗಿ ಅಡಿಗೆರೆ ಬರುತ್ತದೆ, ಪಕ್ಕದ ಖಾಲಿ ಜಾಗ ಒತ್ತಿದರೆ ಕೆಲಸ ಮಾಡುವುದಿಲ್ಲ. ಇನ್ನು ಎಲ್ಲರಿಗೂ ಕಾಡುವ ತೊಂದರೆ: ಆಯತದ ಹೊರಗೆ ಅಕಸ್ಮಾತ್ ಒತ್ತಿದರೆ ಮುಂದಿನ ಸ್ಲೈಡಿಗೆ ಹಾರಿ ಉತ್ತರ ಬಯಲಾಗುತ್ತದೆ. ಟ್ರಾನ್ಸಿಷನ್ಸ್ ಪಟ್ಟಿಯಲ್ಲಿ ‘ಆನ್ ಮೌಸ್ ಕ್ಲಿಕ್’ ಎದುರಿನ ಟಿಕ್ ತೆಗೆದರೆ ಅದು ನಿಲ್ಲುತ್ತದೆ. ಆದರೂ ಕೀಬೋರ್ಡಿನ ಬಾಣ ಮತ್ತು ಸ್ಪೇಸ್ ಕೆಲಸ ಮಾಡುತ್ತಲೇ ಇರುತ್ತವೆ ಎಂಬುದು ನೆನಪಿರಲಿ. ತಪ್ಪು ಆಯ್ಕೆಗಳೆಲ್ಲ ‘ತಪ್ಪು, ಮತ್ತೆ ಪ್ರಯತ್ನಿಸಿ’ ಎಂಬ ಒಂದೇ ಸ್ಲೈಡಿಗೆ ಹೋದರೆ ಪ್ರಯೋಜನ ಕಡಿಮೆ. ಪ್ರತಿ ತಪ್ಪಿಗೂ ಅದರದೇ ಸ್ಲೈಡ್ ಇರಲಿ, ಆ ತಪ್ಪು ಯಾವ ಯೋಚನೆಯಿಂದ ಬರುತ್ತದೆ ಎಂದು ಎರಡು ಸಾಲು ಇರಲಿ, ಪ್ರಶ್ನೆಗೆ ಮರಳುವ ಬಟನ್ ಇರಲಿ. ಚಪ್ಪಾಳೆಯ ಸದ್ದು, ತಿರುಗುವ ನಕ್ಷತ್ರ ಬೇಡ. ಮೂರನೇ ಪ್ರಶ್ನೆಗೆ ಮಕ್ಕಳಿಗೇ ಬೇಸರವಾಗುತ್ತದೆ.

ಈಗ ಪ್ರಶ್ನೆಯ ಮಾತು. ‘ಓಮ್‌ನ ನಿಯಮವನ್ನು ನಿರೂಪಿಸಿದವರು ಯಾರು?’ ಎಂಬುದರ ಮೇಲೆ ಚರ್ಚೆ ಹುಟ್ಟುವುದಿಲ್ಲ. ‘ಒಂದೇ ಬಗೆಯ ಎರಡು ಬಲ್ಬುಗಳನ್ನು ಸರಣಿಯಲ್ಲಿ ಜೋಡಿಸಿದೆ, ಯಾವುದು ಹೆಚ್ಚು ಬೆಳಗುತ್ತದೆ?’ ಎಂದರೆ ತರಗತಿ ಎರಡಾಗಿ ಒಡೆಯುತ್ತದೆ. ಮೊದಲ ಬಲ್ಬು ವಿದ್ಯುತ್ತನ್ನು ತಿಂದುಬಿಡುತ್ತದೆ ಎಂದು ನಂಬಿದ ಮಕ್ಕಳು ಬಹಳ. ಎರಡನೇ ಮತದ ನಂತರ ಎರಡು ಸೆಲ್, ಎರಡು ಟಾರ್ಚ್ ಬಲ್ಬು ಇಟ್ಟು ಮಾಡಿಯೇ ತೋರಿಸಬಹುದು.

ತಪ್ಪು ಆಯ್ಕೆಗಳನ್ನು ಬರೆಯುವುದರಲ್ಲೇ ಕಸುಬು ಇರುವುದು. ದಶಮಾಂಶವನ್ನೇ ತೆಗೆದುಕೊಳ್ಳಿ. ‘0.35, 0.6, 0.482, 0.215, ಇವುಗಳಲ್ಲಿ ಯಾವುದು ದೊಡ್ಡದು?’ 0.482 ಎಂದವರು ಬಿಂದುವಿನ ಬಲಕ್ಕಿರುವುದನ್ನು ಪೂರ್ಣಸಂಖ್ಯೆಯಂತೆ ಓದಿದ್ದಾರೆ: 482 ದೊಡ್ಡದಲ್ಲವೇ? 0.6 ಎಂದವರ ಉತ್ತರ ಸರಿ. ಆದರೆ ಅವರಲ್ಲಿ ಎಲ್ಲರಿಗೂ ತಿಳಿದಿದೆಯೇ? ಸಾವಿರದ ಭಾಗ ಹತ್ತರ ಭಾಗಕ್ಕಿಂತ ಚಿಕ್ಕದು, ಆದ್ದರಿಂದ ಅಂಕಿ ಕಡಿಮೆ ಇದ್ದಷ್ಟೂ ಸಂಖ್ಯೆ ದೊಡ್ಡದು ಎಂದುಕೊಂಡ ಮಗುವೂ 0.6 ಎಂದೇ ಹೇಳುತ್ತದೆ. ಹಾಗಾಗಿ ಕೂಡಲೇ ಎರಡನೇ ಪ್ರಶ್ನೆ ಬೇಕು: ‘0.7, 0.73, 0.736, 0.709, ದೊಡ್ಡದು ಯಾವುದು?’ ಇಲ್ಲಿ ಆ ಮಗು 0.7 ಎನ್ನುತ್ತದೆ. ಪೂರ್ಣಸಂಖ್ಯೆಯಂತೆ ಓದುವ ಮಗು 0.736 ಎಂದು ಸರಿ ಉತ್ತರವನ್ನೇ ಕೊಟ್ಟು ಪಾರಾಗುತ್ತದೆ. 0.6 ಮತ್ತು 0.736 ಎಂದು ಎರಡಕ್ಕೂ ಸರಿ ಹೇಳಿದವರಿಗೆ ತಿಳಿದಿದೆ ಎನ್ನಬಹುದು. ಒಂದೊಂದೇ ಪ್ರಶ್ನೆ ಕೇಳಿದ್ದರೆ ಎರಡು ಬಗೆಯ ತಪ್ಪುಗಳಲ್ಲಿ ಒಂದು ಪ್ರತಿ ಸಲವೂ ಸರಿ ಉತ್ತರದ ಮರೆಯಲ್ಲಿ ಅಡಗಿರುತ್ತಿತ್ತು. ಕಾರ್ಡಿನ ದಾಖಲೆ ಕೆಲಸಕ್ಕೆ ಬರುವುದು ಇಂಥಲ್ಲಿ: ಯಾವ ಸಂಖ್ಯೆಯ ಮಗು ಎರಡಕ್ಕೂ ಏನು ಹೇಳಿತು ಎಂದು ಸಂಜೆ ಕೂತು ನೋಡಬಹುದು.

ಇಂಥ ಆಯ್ಕೆಗಳು ತಲೆಯಿಂದ ಹುಟ್ಟುವುದಿಲ್ಲ, ಮಕ್ಕಳ ಉತ್ತರಪತ್ರಿಕೆಯಲ್ಲಿ ಸಿಗುತ್ತವೆ. 1/2 + 1/3 = 2/5 ಎಂದು ಬರೆದ ಮಗುವೇ ನಿಮಗೆ ‘ಬಿ’ ಆಯ್ಕೆ ಬರೆದುಕೊಟ್ಟಿದೆ. ಉಳಿದ ಎಚ್ಚರಗಳು ಪ್ರಶ್ನೆಪತ್ರಿಕೆ ತೆಗೆಯುವವರಿಗೆಲ್ಲ ಗೊತ್ತಿರುವಂಥವೇ. ಸರಿ ಉತ್ತರವೇ ಯಾವಾಗಲೂ ಉದ್ದವಾಗಿದ್ದರೆ, ಯಾವಾಗಲೂ ‘ಸಿ’ ಆಗಿದ್ದರೆ ಮಕ್ಕಳು ಪಾಠಕ್ಕಿಂತ ಮೊದಲು ಅದನ್ನು ಕಲಿಯುತ್ತಾರೆ. ‘ಮೇಲಿನ ಎಲ್ಲವೂ’ ಸೋಮಾರಿಯ ಆಯ್ಕೆ. ಸಿದ್ಧ ಕ್ವಿಜ್‌ಗಳನ್ನು ಯಂತ್ರಾನುವಾದ ಮಾಡಿಸಿ ಹಾಗೆಯೇ ಪರದೆಗೆ ಬಿಡಬೇಡಿ, ಅದರ ಪಾರಿಭಾಷಿಕ ಪದಗಳು ನಮ್ಮ ಪಠ್ಯಪುಸ್ತಕಕ್ಕೆ ತಾಳೆಯಾಗುವುದಿಲ್ಲ.

40 ನಿಮಿಷದ ಪೀರಿಯಡ್‌ಗೆ ಚರ್ಚೆಯ ಪ್ರಶ್ನೆ ಎರಡೇ ಹಿಡಿಯುತ್ತದೆ, ಒಂದಕ್ಕೆ ಆರೇಳು ನಿಮಿಷ ಬೇಕು. ಹತ್ತು ಪ್ರಶ್ನೆ ಓಡಿಸುವವರು ಬರೀ ಅಂಕ ಎಣಿಸುತ್ತಾರೆ. ಇದರ ಜೊತೆಗೆ ಹಳೆಯ ಪಾಠದ ಒಂದು ಪ್ರಶ್ನೆ ಪೀರಿಯಡ್‌ನ ಆರಂಭದಲ್ಲಿ ಇರಲಿ. ಓದಿದ್ದನ್ನು ಮತ್ತೆ ಮತ್ತೆ ಓದುವುದಕ್ಕಿಂತ ನೆನಪಿನಿಂದ ಹೊರತೆಗೆಯುವುದು ಹೆಚ್ಚು ಉಳಿಯುತ್ತದೆ ಎಂಬುದಕ್ಕೆ ಅಮೆರಿಕದ ಮನೋವಿಜ್ಞಾನಿಗಳಾದ ರೋಡಿಗರ್ ಮತ್ತು ಕಾರ್ಪಿಕ್ ಅವರ 2006ರ ಪ್ರಯೋಗ ಸಾಕ್ಷಿ. ಒಂದು ಗದ್ಯಭಾಗವನ್ನು ನಾಲ್ಕು ಅವಧಿ ಓದಿದವರು ಐದು ನಿಮಿಷದ ನಂತರ ಮುಂದಿದ್ದರು. ಆದರೆ ವಾರ ಕಳೆದ ಮೇಲೆ ಅವರಿಗೆ ನೆನಪಿದ್ದದ್ದು ಶೇ 40. ಒಂದು ಅವಧಿ ಓದಿ ಮೂರು ಸಲ ನೆನಪಿಸಿಕೊಂಡು ಬರೆದವರಿಗೆ ಶೇ 61. ನಮ್ಮ ಶಾಲೆಗಳಲ್ಲಿ ಘಟಕ ಪರೀಕ್ಷೆ ಮುಗಿದ ಪಾಠದತ್ತ ವಾರ್ಷಿಕ ಪರೀಕ್ಷೆಯವರೆಗೆ ಯಾರೂ ತಿರುಗಿ ನೋಡುವುದಿಲ್ಲ.

ಕ್ವಿಜ್‌ನ ಉತ್ತರಗಳನ್ನು ರೂಪಣಾತ್ಮಕ ಮೌಲ್ಯಮಾಪನದ (ವರ್ಷದ ನಡುವೆ ನಡೆಯುವ ಮೌಲ್ಯಮಾಪನದ) ಅಂಕಕ್ಕೆ ಸೇರಿಸಬಾರದು. ಅಂಕ ಬಂತೆಂದರೆ ನಕಲು ಬರುತ್ತದೆ, ತರಗತಿಯ ನಿಜವಾದ ತಿಳಿವಳಿಕೆ ಕಾಣದಂತಾಗುತ್ತದೆ. ಕ್ವಿಜ್ ನಡೆಸಿದ ಫೋಟೊವನ್ನು ವಾಟ್ಸ್‌ಆ್ಯಪ್ ಗುಂಪಿಗೆ ಹಾಕಿ ಎಂದು ಕೇಳುವ ಅಭ್ಯಾಸವೂ ಬೇಡ. ಫೋಟೊಕ್ಕೆ ಚೆನ್ನಾಗಿ ಕಾಣುವುದು ಎಲ್ಲರೂ ಸರಿ ಹೇಳಿದ ಪ್ರಶ್ನೆ, ಪಾಠಕ್ಕೆ ಬೇಕಾಗುವುದು ಅರ್ಧ ಮಂದಿ ತಪ್ಪಿದ ಪ್ರಶ್ನೆ.

ಶಿಕ್ಷಣ ಇಲಾಖೆಗೆ ನಮ್ಮ ಕೋರಿಕೆ ದೊಡ್ಡದೇನಲ್ಲ. ಆ್ಯಪ್ ಪರಿಚಯದ ತರಬೇತಿಯಲ್ಲಿ ಒಂದು ಪೂರ್ತಿ ದಿನವನ್ನು ಪ್ರಶ್ನೆ ಬರೆಯುವುದಕ್ಕೆ ಬಿಡಿ. ಶಿಕ್ಷಕರು ತಮ್ಮ ಮಕ್ಕಳ ಉತ್ತರಪತ್ರಿಕೆಗಳನ್ನು ತರಲಿ, ಅದರಲ್ಲಿನ ತಪ್ಪುಗಳಿಂದ ಒಬ್ಬೊಬ್ಬರು ಐದು ಪ್ರಶ್ನೆ ಕಟ್ಟಲಿ, ಪಕ್ಕದವರು ತಿದ್ದಲಿ. ಕ್ಲಸ್ಟರ್ (ಸುತ್ತಮುತ್ತಲ ಶಾಲೆಗಳ ಗುಂಪು) ಸಮಾಲೋಚನಾ ಸಭೆಗಳಲ್ಲಿ ಅವುಗಳನ್ನು ಯೂನಿಕೋಡ್ ಕನ್ನಡದಲ್ಲಿ, ಪಾಠವಾರು, ಯಾವ ಆಯ್ಕೆಗೆ ಎಷ್ಟು ಮಕ್ಕಳು ಬಿದ್ದರು ಎಂಬ ಲೆಕ್ಕದೊಂದಿಗೆ ಒಟ್ಟುಹಾಕಿ ಡಯಟ್‌ಗಳು (ಜಿಲ್ಲಾ ಶಿಕ್ಷಣ ಮತ್ತು ತರಬೇತಿ ಸಂಸ್ಥೆಗಳು) ಎಲ್ಲ ಶಾಲೆಗಳಿಗೂ ಕಳುಹಿಸಲಿ. ಪರವಾನಗಿ ಖರೀದಿಗೆ ಹಣ ಇಡುವ ಮುನ್ನ ಪ್ರತಿ ಶಾಲೆಗೂ ಕಾರ್ಡ್ ಮುದ್ರಿಸಿಕೊಳ್ಳಲು, ರಟ್ಟು ಮತ್ತು ಅಂಟು ತರಲು ಶಾಲಾ ಅನುದಾನದಿಂದ ಅನುಮತಿ ಸಿಗಲಿ.

— ಪ್ರೌಢಶಾಲಾ ವಿಜ್ಞಾನ ಮತ್ತು ಗಣಿತ ಶಿಕ್ಷಕರು, ಹಾವೇರಿ ಜಿಲ್ಲೆ